ಚೀಲದ ಮೇಲಿನ ಬರಹವೂ ರೇಷನ್ ಗೋಧಿಯ ಲೆಕ್ಕವೂ

ಮಾನ್ಯ ಸಂಪಾದಕರೇ,

ಅಮೆರಿಕದೊಂದಿಗಿನ ವ್ಯಾಪಾರ ಮಾತುಕತೆಯ ಕುರಿತು ತಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಲೇಖನವೊಂದರಲ್ಲಿ, ಅರವತ್ತರ ದಶಕದ ಬರಗಾಲದಲ್ಲಿ ಆ ದೇಶ ನಮಗೆ ಪುಕ್ಕಟೆ ಗೋಧಿ ಕೊಟ್ಟು ಬದುಕಿಸಿತೆಂದೂ ಉಂಡ ಮನೆಯ ಜಂತಿ ಎಣಿಸುವುದು ನಮಗೆ ತರವಲ್ಲವೆಂದೂ ಬರೆಯಲಾಗಿತ್ತು. ಎರಡು ದಿನ ಬಿಟ್ಟು ಓದುಗರ ಪತ್ರಗಳ ನಡುವೆ ಬೀದರಿನವರೊಬ್ಬರು ಅದಕ್ಕೆ ಉತ್ತರವಾಗಿ, ಅದು ಹಂದಿಗೆ ಹಾಕುವ ಕಾಳೆಂದೂ ಅದರೊಳಗೆ ಕಾಂಗ್ರೆಸ್ ಕಸದ ಬೀಜ ಬೆರೆಸಿ ನಮ್ಮ ಹೊಲ ಕೆಡಿಸಿದರೆಂದೂ ಬರೆದರು. ಆ ಗೋಧಿಯನ್ನು ತಿಂದು ಬೆಳೆದವನು ನಾನು. ಆಮೇಲೆ ಮೂವತ್ತು ವರ್ಷ ಅಮೆರಿಕದ ಇತಿಹಾಸವನ್ನು ಬಿ.ಎ. ತರಗತಿಗಳಿಗೆ ಪಾಠ ಹೇಳಿದವನೂ ಹೌದು. ಇಬ್ಬರ ಮಾತಿನಲ್ಲೂ ಸಿಟ್ಟೋ ಋಣಭಾವವೋ ಇದೆ, ಲೆಕ್ಕ ಮಾತ್ರ ಇಲ್ಲ. ಆ ಲೆಕ್ಕವನ್ನು ಒಂದಿಷ್ಟು ಬಿಡಿಸಿ ಹೇಳಲು ಅವಕಾಶ ಕೊಡಬೇಕೆಂದು ಕೋರುತ್ತೇನೆ. ಪತ್ರ ಉದ್ದವಾದರೆ ಕತ್ತರಿಸುವ ಹಕ್ಕು ತಮ್ಮದು. ಆದರೆ ಇಸವಿಗಳನ್ನು ಮಾತ್ರ ಕತ್ತರಿಸಬೇಡಿ.

ನಮ್ಮೂರು ಚಿತ್ತಾಪುರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಶಾಲೆಯ ಹಿಂದೆ ಮೂರು ಕಲ್ಲು ಹೂಡಿ, ದೊಡ್ಡ ಪಾತೇಲಿಯಲ್ಲಿ ಉಪ್ಪಿಟ್ಟು ಕುದಿಸುತ್ತಿದ್ದರು. ಅದಕ್ಕೆ ಬಳಸುತ್ತಿದ್ದುದು ನಮ್ಮ ಮನೆಗಳ ರವೆಯಲ್ಲ. ಬೇಯಿಸಿ ಒಣಗಿಸಿ ಒಡೆದ ಗೋಧಿಯ ದಪ್ಪ ನುಚ್ಚು, ಅದಕ್ಕೊಂದು ಬೇರೆಯೇ ವಾಸನೆ. ಜೊತೆಗೆ ಬಿಸಿನೀರಿನಲ್ಲಿ ಕಲಸಿದ ಹಾಲಿನ ಪುಡಿ; ಗಂಟು ಗಂಟಾಗಿ ಉಳಿದುದನ್ನು ಬೆರಳಿಂದ ತೆಗೆದು ಅಂಗುಳಕ್ಕೆ ಅಂಟಿಸಿಕೊಂಡು ಮಧ್ಯಾಹ್ನವೆಲ್ಲ ಚೀಪುತ್ತಿದ್ದೆವು. ಖಾಲಿಯಾದ ಚೀಲಗಳಿಗೆ ಬೇಡಿಕೆ ಬಹಳ. ನಮ್ಮ ಆಯಿ ಹೇಗೋ ಎರಡು ಚೀಲ ಸಂಪಾದಿಸಿ, ಕೌದಿಯ ಅಡಿಗೆ ಹಾಕಿ ಹೊಲಿದಿದ್ದಳು. ಒಂದರ ಮೇಲೆ ಕೈಕುಲುಕುವ ಎರಡು ಹಸ್ತಗಳ ಚಿತ್ರ, ಅದರ ಕೆಳಗೆ ಇಂಗ್ಲಿಷ್ ಅಕ್ಷರ. ನಾನು ಐದನೇ ಇಯತ್ತೆಗೆ ಬಂದು ಎ, ಬಿ, ಸಿ, ಡಿ ಕಲಿತ ಮೇಲೆ ಅದನ್ನು ಕೂಡಿಸಿ ಓದಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಜನರು ದಾನವಾಗಿ ಕೊಟ್ಟದ್ದು, ಮಾರುವಂತಿಲ್ಲ, ವಿನಿಮಯ ಮಾಡುವಂತಿಲ್ಲ ಎಂದಿತ್ತು. ಅರ್ಥ ಹೇಳಿದಾಗ ಆಯಿ, “ಮಾರಬ್ಯಾಡ್ರಿ ಅಂತ ಬರದಾರೇನು? ಹೊದಿಬ್ಯಾಡ್ರಿ ಅಂತ ಬರದಿಲ್ಲಲ್ಲ” ಎಂದು ನಕ್ಕಿದ್ದಳು.

ಲೇಖಕರ ನೆನಪಿನಲ್ಲಿ ಉಳಿದಿರುವುದು ಬಹುಶಃ ಈ ಚೀಲ. ಅದು ದಾನವೇ, ಅನುಮಾನವಿಲ್ಲ. ಕೇರ್‌ನಂಥ ಸ್ವಯಂಸೇವಾ ಸಂಸ್ಥೆಗಳ ಮೂಲಕ ಶಾಲೆಗಳಿಗೂ ಬಾಣಂತಿಯರಿಗೂ ಬರುತ್ತಿದ್ದ ಈ ನುಚ್ಚು, ಹಾಲಿನ ಪುಡಿ, ಎಣ್ಣೆಯ ಡಬ್ಬಿಗಳು ಅಮೆರಿಕದ ‘ಪಬ್ಲಿಕ್ ಲಾ 480’ (ಪಿ.ಎಲ್. 480) ಎಂಬ ಕಾಯಿದೆಯ ದಾನದ ಭಾಗಕ್ಕೆ ಸೇರಿದವು. ಆದರೆ ನಮ್ಮಪ್ಪ ರೇಷನ್ ಕಾರ್ಡು ಹಿಡಿದು ಗಂಟೆಗಟ್ಟಲೆ ಪಾಳಿ ನಿಂತು ತರುತ್ತಿದ್ದ ಗೋಧಿ ಬೇರೆ. ಅದು ಹಡಗಿನಲ್ಲಿ ಬಿಡಿಯಾಗಿ ಬಂದು, ಬಂದರಿನಲ್ಲಿ ನಮ್ಮದೇ ಸೆಣಬಿನ ಚೀಲಗಳಿಗೆ ತುಂಬಿ, ರೈಲಿನಲ್ಲಿ ಒಳನಾಡಿಗೆ ಸಾಗುತ್ತಿತ್ತು. ಅದರ ಮೇಲೆ ದಾನದ ಬರಹ ಇರಲಿಲ್ಲ, ಇರಲು ಕಾರಣವೂ ಇರಲಿಲ್ಲ. ಏಕೆಂದರೆ ಅದನ್ನು ಭಾರತ ಸರ್ಕಾರ ಕೊಂಡಿತ್ತು, ನಮ್ಮಪ್ಪನೂ ಅಂಗಡಿಯಲ್ಲಿ ರೊಕ್ಕ ಕೊಟ್ಟೇ ತರುತ್ತಿದ್ದ. ಅಮೆರಿಕದಿಂದ ಭಾರತಕ್ಕೆ ಆ ಕಾಲದಲ್ಲಿ ಬಂದ ಧಾನ್ಯದ ಬಹುಪಾಲು ಈ ಬಗೆಯದು. ಪುಕ್ಕಟೆ ಎಂಬ ಒಂದೇ ಪದದಲ್ಲಿ ಎರಡನ್ನೂ ಕಟ್ಟಿಹಾಕಿದ್ದೇ ಲೇಖನದ ಮೊದಲ ತಪ್ಪು.

1954ರ ಜುಲೈ 10ರಂದು ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಈ ಕಾಯಿದೆಯ ಅಧಿಕೃತ ಹೆಸರಿನಲ್ಲಿ ಹಸಿವು ಎಂಬ ಪದವೇ ಇಲ್ಲ. ಅಲ್ಲಿ ಇರುವುದು ಕೃಷಿ ವ್ಯಾಪಾರದ ಅಭಿವೃದ್ಧಿ ಮತ್ತು ನೆರವು, ಅದೂ ವ್ಯಾಪಾರ ಮೊದಲು, ನೆರವು ಆಮೇಲೆ. ಕಾರಣ ಅವರ ಮನೆಯೊಳಗಿನದು. ಮೂವತ್ತರ ದಶಕದ ಆರ್ಥಿಕ ಕುಸಿತದ ಕಾಲದಿಂದ ಅಮೆರಿಕ ಸರ್ಕಾರ ರೈತರ ಬೆಳೆಗೆ ಬೆಂಬಲ ಬೆಲೆ ಕೊಡುತ್ತಿತ್ತು. ಎರಡನೇ ಮಹಾಯುದ್ಧದ ನಂತರ ಟ್ರ್ಯಾಕ್ಟರು, ಗೊಬ್ಬರ, ಹೊಸ ತಳಿಗಳಿಂದ ಇಳುವರಿ ಏರಿತು, ಕೊರಿಯಾ ಯುದ್ಧ 1953ರಲ್ಲಿ ನಿಂತು ಹೊರಗಿನ ಬೇಡಿಕೆ ಇಳಿಯಿತು, ಮಾರಾಟವಾಗದ ಗೋಧಿ, ಹತ್ತಿ, ಬೆಣ್ಣೆ, ಹಾಲಿನ ಪುಡಿ ಸರ್ಕಾರಿ ಗೋದಾಮುಗಳಲ್ಲಿ ಬೆಟ್ಟದಂತೆ ಬಿದ್ದುವು. ಬೆಂಬಲ ಬೆಲೆ ತೆಗೆದರೆ ಕಾನ್ಸಾಸ್, ನೆಬ್ರಾಸ್ಕಾ, ಡಕೋಟಾದಂಥ ಗೋಧಿ ಬೆಳೆಯುವ ರಾಜ್ಯಗಳ ಮತ ಕೈಬಿಡುತ್ತದೆ. ಮಾಲನ್ನು ತಮ್ಮ ಪೇಟೆಗೇ ಬಿಟ್ಟರೆ ಬೆಲೆ ಬೀಳುತ್ತದೆ. ಗೋದಾಮಿನಲ್ಲಿ ಇಟ್ಟರೆ ಬಾಡಿಗೆ ಏರುತ್ತದೆ. ತೊಗರಿ ಖರೀದಿ ಕೇಂದ್ರಗಳ ಮುಂದೆ ಟ್ರ್ಯಾಕ್ಟರುಗಳ ಸಾಲು ಕಂಡಿರುವ ಕಲಬುರಗಿಯ ಓದುಗರಿಗೆ ಈ ಇಕ್ಕಟ್ಟನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಡಾಲರು ಇಲ್ಲದ ದೇಶಗಳಿಗೆ ಅವರವರ ನಾಣ್ಯದಲ್ಲಿಯೇ ಮಾರಿಬಿಡುವುದು ಸಿಕ್ಕ ದಾರಿ. ಸಾಗಣೆಯಲ್ಲಿಯೂ ಅವರು ಕೈಬಿಟ್ಟವರಲ್ಲ: ಇಂಥ ಸರಕಿನ ಅರ್ಧವಾದರೂ ಅಮೆರಿಕದ ಧ್ವಜ ಹೊತ್ತ ಹಡಗುಗಳಲ್ಲೇ ಹೋಗಬೇಕೆಂಬ ನಿಯಮವನ್ನು ಅದೇ 1954ರಲ್ಲಿ ಮಾಡಿಕೊಂಡರು.

ಭಾರತ ಈ ಕಾಯಿದೆಯಡಿ ಮೊದಲ ಒಪ್ಪಂದ ಮಾಡಿಕೊಂಡದ್ದು 1956ರ ಆಗಸ್ಟ್‌ನಲ್ಲಿ. ನಮ್ಮ ಗುಲ್ಬರ್ಗಾ, ಬೀದರ ಜಿಲ್ಲೆಗಳು ಆಗಿನ್ನೂ ಹೈದರಾಬಾದ್ ರಾಜ್ಯದಲ್ಲಿದ್ದವು. ಮೈಸೂರು ರಾಜ್ಯಕ್ಕೆ ಸೇರಲು ಇನ್ನೂ ಎರಡು ತಿಂಗಳಿತ್ತು. ಆದರೆ ಗೋಧಿಯ ಕತೆ ಅದಕ್ಕಿಂತ ಐದು ವರ್ಷ ಹಿಂದಿನದು, ಅದನ್ನು ಇಬ್ಬರೂ ಬರೆದಿಲ್ಲ. 1951ರಲ್ಲಿ ನೆಹರೂ ಸರ್ಕಾರ 20 ಲಕ್ಷ ಟನ್ ಧಾನ್ಯ ಕೇಳಿದಾಗ, ಅಧ್ಯಕ್ಷ ಟ್ರೂಮನ್ ಒಪ್ಪಿ ಫೆಬ್ರುವರಿಯಲ್ಲೇ ಸಂಸತ್ತಿಗೆ ಶಿಫಾರಸು ಕಳಿಸಿದರೂ ಕಾಯಿದೆಗೆ ಸಹಿ ಬಿದ್ದದ್ದು ಜೂನ್ 15ರಂದು. ನಡುವಿನ ನಾಲ್ಕು ತಿಂಗಳು ಅಲ್ಲಿನ ಸದಸ್ಯರು ಚರ್ಚಿಸಿದ್ದು ಬಿಹಾರದ, ಮದ್ರಾಸಿನ ಹಸಿವನ್ನಷ್ಟೇ ಅಲ್ಲ. ಕೊರಿಯಾದಲ್ಲಿ ಚೀನಾವನ್ನು ಆಕ್ರಮಣಕಾರಿ ಎಂದು ಕರೆಯಲು ಭಾರತ ಒಪ್ಪದಿದ್ದುದು ಅವರ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ದಾನವಾಗಿ ಕೊಡಬೇಕೆಂಬ ಪ್ರಸ್ತಾವ ಕೊನೆಗೆ 19 ಕೋಟಿ ಡಾಲರುಗಳ ಸಾಲವಾಯಿತು. ಆ ಸಾಲದ ಬಡ್ಡಿಯಲ್ಲಿ ಮೊದಲ 50 ಲಕ್ಷ ಡಾಲರನ್ನು ಭಾರತದ ವಿಶ್ವವಿದ್ಯಾಲಯಗಳಿಗೆ ಪುಸ್ತಕ, ಉಪಕರಣ ಕೊಡಲಿಕ್ಕೂ ಎರಡೂ ದೇಶಗಳ ಅಧ್ಯಾಪಕರ ಓಡಾಟಕ್ಕೂ ಬಳಸಿದರು ಎಂಬುದನ್ನೂ ಇದರ ಪಕ್ಕದಲ್ಲೇ ಬರೆಯದಿದ್ದರೆ ನನ್ನ ಲೆಕ್ಕವೂ ಒಕ್ಕಣ್ಣಿನದಾದೀತು.

ಕಾಂಗ್ರೆಸ್ ಕಸದ ವಿಷಯ ಇಲ್ಲಿಯೇ ಮುಗಿಸಿಬಿಡುತ್ತೇನೆ. ಪಾರ್ಥೇನಿಯಂ ಗಿಡವನ್ನು ಪುಣೆಯಲ್ಲಿ ಗುರುತಿಸಿದ್ದು 1955ರ ಸುಮಾರಿಗೆ. ಪಿ.ಎಲ್. 480ರ ಮೊದಲ ಒಪ್ಪಂದವಾದದ್ದು ಅದಾದ ಮೇಲೆ. ಗೋಧಿಯ ಜೊತೆಯೇ ಬಂದದ್ದು ಎನ್ನುವುದಾದರೆ ಅದಕ್ಕೂ ಹಿಂದಿನ ಗೋಧಿಯನ್ನು ಹುಡುಕಬೇಕು; ಈ ಗಿಡ ಮೊದಲೇ ಇಲ್ಲಿತ್ತು ಎನ್ನುವ ಸಸ್ಯಶಾಸ್ತ್ರಜ್ಞರೂ ಇದ್ದಾರೆ. ಬೇಕೆಂದೇ ಬೆರೆಸಿದರೆಂಬುದಕ್ಕೆ ಆಧಾರ ಕೊಟ್ಟವರನ್ನು ನಾನು ಇದುವರೆಗೆ ಕಂಡಿಲ್ಲ. ನಮ್ಮ ತೊಗರಿ ಹೊಲದ ಬದುವಿನಲ್ಲಿ ಅದು ಸೊಂಟದೆತ್ತರ ನಿಂತಿದೆ, ಕಿತ್ತವರ ಕೈಗೆ ತುರಿಕೆ ಹತ್ತುತ್ತದೆ, ಅದು ನಿಜ.

ಹಾಗಾದರೆ ಈ ವ್ಯವಹಾರದಲ್ಲಿ ರಾಜಕೀಯ ಇರಲಿಲ್ಲವೇ ಎಂದರೆ, ಢಾಳಾಗಿಯೇ ಇತ್ತು, ಮುಚ್ಚುಮರೆಯೂ ಇರಲಿಲ್ಲ. ಮಿನ್ನೆಸೋಟದ ಸೆನೆಟರ್ ಹ್ಯೂಬರ್ಟ್ ಹಂಫ್ರಿ, ಬಡವರ ಪರ, ಕಪ್ಪು ಜನರ ಹಕ್ಕುಗಳ ಪರ ಜೀವನವಿಡೀ ನಿಂತ ಮನುಷ್ಯ, 1957ರಲ್ಲಿ ಈ ಕಾಯಿದೆಯ ವಿಚಾರಣೆಯಲ್ಲಿ, ಜನರು ಅನ್ನಕ್ಕಾಗಿ ನಮ್ಮನ್ನು ಅವಲಂಬಿಸುತ್ತಾರೆಂಬುದು ಕೆಟ್ಟ ಸುದ್ದಿಯಲ್ಲ, ಒಳ್ಳೆಯ ಸುದ್ದಿ, ಅವರ ಸಹಕಾರ ಬೇಕೆಂದರೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ ಎಂಬ ಅರ್ಥದ ಮಾತಾಡಿದರು. ದುರುದ್ದೇಶದ ಮನುಷ್ಯ ಹೇಳಿದ ಮಾತಾಗಿದ್ದರೆ ಬಿಟ್ಟುಬಿಡಬಹುದಿತ್ತು. ಉದಾರಿಗಳೆನಿಸಿಕೊಂಡವರ ಬಾಯಲ್ಲೇ ಇದು ಸಹಜವಾಗಿ ಬರುತ್ತಿತ್ತು ಎನ್ನುವುದರಲ್ಲಿ ಆ ಕಾಲದ ಅಮೆರಿಕ ಕಾಣುತ್ತದೆ. ಶೀತಲ ಸಮರದಲ್ಲಿ ಗೋಧಿಯೂ ಒಂದು ಆಯುಧ, ಆದರೆ ಕೊಲ್ಲದ ಆಯುಧ ಎಂಬ ನಂಬಿಕೆ ಅವರದು.

1959ರ ಡಿಸೆಂಬರಿನಲ್ಲಿ ಐಸೆನ್‌ಹೋವರ್ ದೆಹಲಿಗೆ ಬಂದರು. ಅಧಿಕಾರದಲ್ಲಿದ್ದಾಗ ಭಾರತಕ್ಕೆ ಬಂದ ಮೊದಲ ಅಮೆರಿಕ ಅಧ್ಯಕ್ಷರು ಅವರು. ಮರುವರ್ಷದ ಮೇ 4ರಂದು ನಮ್ಮ ಆಹಾರ ಸಚಿವ ಎಸ್.ಕೆ. ಪಾಟೀಲರು ವಾಷಿಂಗ್ಟನ್ನಿನಲ್ಲಿ ನಾಲ್ಕು ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಿದರು: 1 ಕೋಟಿ 60 ಲಕ್ಷ ಟನ್ ಗೋಧಿ, 10 ಲಕ್ಷ ಟನ್ ಅಕ್ಕಿ. ಆ ಭರವಸೆಯ ಮೇಲೆ ದೆಹಲಿ ನಿರಾಳವಾಯಿತು, ಪಟ್ಟಣಗಳ ರೇಷನ್ ಅಂಗಡಿಗಳು ತುಂಬಿದವು, ಕಾರ್ಖಾನೆಗಳ ಕಡೆ ಹಣ ಹರಿಯಿತು, ಮಳೆ ನಂಬಿದ ಒಣಬೇಸಾಯದ ಜಿಲ್ಲೆಗಳ ಬಗ್ಗೆ ಯೋಚಿಸುವ ಅವಸರ ಯಾರಿಗೂ ಉಳಿಯಲಿಲ್ಲ. ಅಗ್ಗದ ಗೋಧಿ ನಮ್ಮ ರೈತರ ಬೆಲೆಯನ್ನು ಒತ್ತಿಹಿಡಿಯುತ್ತದೆ ಎಂದು ಆಗಲೇ ಅಮೆರಿಕದ ಅರ್ಥಶಾಸ್ತ್ರಜ್ಞ ಥಿಯೊಡೋರ್ ಶುಲ್ಟ್ಸ್ ಎಚ್ಚರಿಸಿದ್ದರು. ಈ ಪಾಪದಲ್ಲಿ ಕೊಟ್ಟವರಿಗಿಂತ ತೆಗೆದುಕೊಂಡವರ ಪಾಲೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಹಗ್ಗ ಬಿಗಿಯಾದದ್ದು 1965ರಲ್ಲಿ. ನಾಲ್ಕು ವರ್ಷಗಳ ಒಪ್ಪಂದದ ನಂತರ ಮಾಡಿಕೊಂಡಿದ್ದ ಒಪ್ಪಂದದ ಅವಧಿಯೂ ಆ ವರ್ಷ ಮುಗಿಯುತ್ತ ಬಂದಾಗ ಅಧ್ಯಕ್ಷ ಲಿಂಡನ್ ಜಾನ್ಸನ್ ಹೊಸ ದೀರ್ಘಾವಧಿ ಒಪ್ಪಂದಕ್ಕೆ ಒಪ್ಪದೆ, ಒಂದೆರಡು ತಿಂಗಳಿಗೆ ಸಾಲುವಷ್ಟನ್ನೇ, ಒಮ್ಮೊಮ್ಮೆ ಹಡಗು ಹಡಗಾಗಿ, ಮಂಜೂರು ಮಾಡತೊಡಗಿದರು. ದನವನ್ನು ಗೂಟಕ್ಕೆ ಗಿಡ್ಡ ಹಗ್ಗದಲ್ಲಿ ಕಟ್ಟುವ ಹೋಲಿಕೆಯನ್ನು ಈ ನೀತಿಗೆ ಕೊಟ್ಟವರು ಅಮೆರಿಕನ್ನರೇ. ಸಂದರ್ಭ ನೋಡಿ: 1964–65ರಲ್ಲಿ 8.9 ಕೋಟಿ ಟನ್ ಇದ್ದ ನಮ್ಮ ಆಹಾರಧಾನ್ಯದ ಉತ್ಪನ್ನ 1965–66ರಲ್ಲಿ 7.2 ಕೋಟಿಗೆ ಕುಸಿಯಿತು, ಮರುವರ್ಷವೂ ಮಳೆ ಕೈಕೊಟ್ಟಿತು, ಅದರ ನಡುವೆ 1965ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದೊಂದಿಗೆ ಯುದ್ಧ. ಶಾಸ್ತ್ರೀಜಿಯವರು ಸೋಮವಾರ ರಾತ್ರಿಯ ಊಟ ಬಿಡಿ ಎಂದು ಕರೆ ಕೊಟ್ಟದ್ದು ಆಗಲೇ. ಶ್ರಾವಣ ಸೋಮವಾರ ಹೇಗೂ ಒಪ್ಪತ್ತು ಇರುತ್ತಿದ್ದ ನಮ್ಮ ಆಯಿ ಅದನ್ನು ಯಾವ ತಕರಾರೂ ಇಲ್ಲದೆ ವರ್ಷವಿಡೀ ಪಾಲಿಸಿದಳು. ಹಡಗಿನಿಂದ ನೇರ ಬಾಯಿಗೆ ಎನ್ನುವ ಮಾತು ಹುಟ್ಟಿದ್ದು ಆ ದಿನಗಳಲ್ಲಿ.

ಜಾನ್ಸನ್ ಬಯಸಿದ್ದು ಎರಡು. ಒಂದು, ಭಾರತ ತನ್ನ ಕೃಷಿಗೆ ಹಣ ಹಾಕಬೇಕು. 1965ರ ನವೆಂಬರಿನಲ್ಲಿ ರೋಮ್ ನಗರದಲ್ಲಿ ಅವರ ಕೃಷಿ ಕಾರ್ಯದರ್ಶಿ ಆರ್ವಿಲ್ ಫ್ರೀಮನ್ ಮತ್ತು ನಮ್ಮ ಆಹಾರ ಮತ್ತು ಕೃಷಿ ಸಚಿವ ಸಿ. ಸುಬ್ರಮಣ್ಯಂ ಈ ಬಗ್ಗೆ ಗುಟ್ಟಾಗಿ ಒಪ್ಪಿಕೊಂಡರು; ಸುಬ್ರಮಣ್ಯಂ ಅವರಿಗೆ ಅದು ಬೇಕಾಗಿಯೇ ಇತ್ತು, ದೆಹಲಿಯ ಅವರ ವಿರೋಧಿಗಳನ್ನು ಮಣಿಸಲು ಹೊರಗಿನ ಒತ್ತಡ ಅನುಕೂಲವೂ ಆಯಿತು. 1966ರಲ್ಲಿ ಮೆಕ್ಸಿಕೊದಿಂದ 18,000 ಟನ್ ಗಿಡ್ಡ ತಳಿಯ ಗೋಧಿ ಬೀಜ ಬಂದದ್ದು ಈ ಹಾದಿಯಲ್ಲೇ. ಎರಡನೆಯದು, ವಿಯೆಟ್ನಾಂ ಯುದ್ಧದ ಬಗ್ಗೆ ಭಾರತ ಬಾಯಿ ಮುಚ್ಚಿಕೊಂಡಿರಬೇಕು. 1966ರ ಮಾರ್ಚಿನಲ್ಲಿ ಇಂದಿರಾ ಗಾಂಧಿ ವಾಷಿಂಗ್ಟನ್ನಿಗೆ ಹೋಗಿ ಬಂದರು, ಜೂನ್ 6ರಂದು ರೂಪಾಯಿಯ ಬೆಲೆ ಇಳಿಸಿ ಡಾಲರಿಗೆ 4.76 ಇದ್ದುದನ್ನು 7.50 ಮಾಡಿದರು, ಜುಲೈನಲ್ಲಿ ಮಾಸ್ಕೋಗೆ ಹೋದಾಗ ವಿಯೆಟ್ನಾಂ ಮೇಲಿನ ಬಾಂಬ್ ದಾಳಿ ನಿಲ್ಲಬೇಕೆಂಬ ಹೇಳಿಕೆಗೆ ಸಹಿ ಹಾಕಿದರು. ಹಗ್ಗ ಮತ್ತಷ್ಟು ಗಿಡ್ಡವಾಯಿತು. ಆದರೂ ಆ ವರ್ಷ ಅಮೆರಿಕ ತನ್ನ ಗೋಧಿ ಬೆಳೆಯ ಸುಮಾರು ಐದನೇ ಒಂದು ಪಾಲನ್ನು ನಮ್ಮ ಕಡೆ ಸಾಗಿಸಿತು. ಕೊಟ್ಟದ್ದೂ ನಿಜ, ಗೋಳು ಹುಯ್ದುಕೊಂಡದ್ದೂ ನಿಜ. ಅದೇ ವರ್ಷದ ತಿದ್ದುಪಡಿಯಲ್ಲಿ ಕ್ಯೂಬಾ, ಉತ್ತರ ವಿಯೆಟ್ನಾಂಗಳೊಂದಿಗೆ ವ್ಯಾಪಾರ ಮಾಡುವ ದೇಶಗಳಿಗೆ ನಿರ್ಬಂಧ ಹಾಕಿದಾಗ, ಕ್ಯೂಬಾಕ್ಕೆ ನಾವು ಮಾರುತ್ತಿದ್ದ ಸೆಣಬಿನ ಚೀಲಗಳ ಮೇಲೂ ಅವರ ಕಣ್ಣು ಬಿತ್ತು.

ಇಲ್ಲಿ ನನ್ನ ವಿದ್ಯಾರ್ಥಿಗಳು ಪ್ರತಿವರ್ಷ ಒಂದೇ ಪ್ರಶ್ನೆ ಕೇಳುತ್ತಿದ್ದರು: ಬೇರೆ ದೇಶದವರೆಂದು ನಮಗೆ ಹೀಗೆ ಮಾಡಿದರು, ತಮ್ಮವರಿಗಾದರೆ ಮಾಡುತ್ತಿದ್ದರೇ ಸರ್? ಆಗ ನಾನು ಮಿಸಿಸಿಪ್ಪಿ ರಾಜ್ಯದ ಲಫ್ಲೋರ್ ಎಂಬ ಜಿಲ್ಲೆಯ ಕತೆ ಹೇಳುತ್ತಿದ್ದೆ. ನಮಗೆ ಬರುತ್ತಿದ್ದಂಥದ್ದೇ ಹೆಚ್ಚುವರಿ ಹಿಟ್ಟು, ಅಕ್ಕಿ, ಹಾಲಿನ ಪುಡಿಗಳನ್ನು ಅಮೆರಿಕದ ಕೇಂದ್ರ ಸರ್ಕಾರ ತನ್ನ ಬಡವರಿಗೂ ಹಂಚುತ್ತಿತ್ತು. ಅಲ್ಲಿನ ಹತ್ತಿ ಹೊಲಗಳಲ್ಲಿ ದುಡಿಯುತ್ತಿದ್ದ ಕಪ್ಪು ಜನರಿಗೆ ಚಳಿಗಾಲದಲ್ಲಿ ಕೆಲಸವಿಲ್ಲ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಆ ಮೂರ್ನಾಲ್ಕು ತಿಂಗಳು ಈ ಹಂಚಿಕೆಯ ಮೇಲೆಯೇ ಬದುಕುತ್ತಿದ್ದರು. 1962ರಲ್ಲಿ ಅಲ್ಲಿನ ಗ್ರೀನ್‌ವುಡ್ ಊರಲ್ಲಿ ಯುವಕರು ಕಪ್ಪು ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುವ ಚಳವಳಿ ಶುರುಮಾಡಿದ್ದೇ ತಡ, ಬಿಳಿಯರೇ ತುಂಬಿದ್ದ ಜಿಲ್ಲಾ ಮಂಡಳಿ ಅಕ್ಟೋಬರಿನಲ್ಲಿ ಹಂಚಿಕೆಯನ್ನೇ ನಿಲ್ಲಿಸಿಬಿಟ್ಟಿತು. ಧಾನ್ಯ ಇತ್ತು, ಗೋದಾಮು ತುಂಬಿತ್ತು, ಹಂಚಲಿಲ್ಲ. ಉತ್ತರದ ನಗರಗಳಿಂದ ವಿದ್ಯಾರ್ಥಿಗಳು ಲಾರಿಗಳಲ್ಲಿ ಆಹಾರ ತುಂಬಿಕೊಂಡು ಬಂದರು. ಹಾಸ್ಯ ಕಲಾವಿದ ಡಿಕ್ ಗ್ರೆಗರಿ ವಿಮಾನದಲ್ಲಿ ಟನ್‌ಗಟ್ಟಲೆ ಆಹಾರ ತಂದರು. ಒಂದು ಚೀಲ ಹಿಟ್ಟಿಗಾಗಿ ಪಾಳಿ ನಿಂತ ಆ ಜನರೇ ಅಲ್ಲಿಂದ ನೆಟ್ಟಗೆ ಮತದಾರರ ನೋಂದಣಿಗೆ ಹೋಗಿ ಸಾಲು ನಿಂತರು. ಮರುವರ್ಷ ಕೇಂದ್ರ ಸರ್ಕಾರ ಒತ್ತಡ ಹಾಕಿದ ಮೇಲೆ ಹಂಚಿಕೆ ಮತ್ತೆ ಶುರುವಾಯಿತು.

ದೆಹಲಿಗೆ ಕಟ್ಟಿದ ಹಗ್ಗವೂ ಗ್ರೀನ್‌ವುಡ್‌ಗೆ ಕಟ್ಟಿದ ಹಗ್ಗವೂ ಒಂದೇ ನಾರಿನವು ಎಂದು ನನಗೆ ಅನ್ನಿಸುವುದು ಬರೀ ಹೋಲಿಕೆಯ ಮೋಹದಿಂದಲ್ಲ. ಅಮೆರಿಕ ಸಂಸತ್ತಿನ ಎರಡೂ ಸದನಗಳ ಕೃಷಿ ಸಮಿತಿಗಳು ಐವತ್ತು ಅರವತ್ತರ ದಶಕಗಳಲ್ಲಿ ಬಹುಕಾಲ ದಕ್ಷಿಣದ ಡೆಮಾಕ್ರಟರ ಕೈಯಲ್ಲಿದ್ದವು: ಸೆನೆಟ್ಟಿನಲ್ಲಿ ಲೂಸಿಯಾನಾದ ಅಲನ್ ಎಲೆಂಡರ್, ಕೆಳಮನೆಯಲ್ಲಿ ಉತ್ತರ ಕೆರೊಲಿನಾದ ಹೆರಾಲ್ಡ್ ಕೂಲಿ. ಕೆಳಮನೆಯಲ್ಲಿ ಕೃಷಿ ಇಲಾಖೆಯ ಹಣದ ಕೀಲಿಕೈ ಹಿಡಿದಿದ್ದ ಉಪಸಮಿತಿಯ ಅಧ್ಯಕ್ಷ ಜೇಮಿ ವಿಟನ್ ಮಿಸಿಸಿಪ್ಪಿಯವರೇ. ಹತ್ತಿ, ಅಕ್ಕಿ, ತಂಬಾಕು ಬೆಳೆಯುವ ತಮ್ಮ ಕ್ಷೇತ್ರಗಳ ಜಮೀನ್ದಾರರಿಗೆ ಬೆಂಬಲ ಬೆಲೆ ಬೇಕು, ಹೆಚ್ಚಾದ ಮಾಲಿಗೆ ಹೊರದೇಶದ ಗಿರಾಕಿ ಬೇಕು, ಆದರೆ ತಮ್ಮದೇ ಹೊಲದ ಕೂಲಿ ಹೊಟ್ಟೆ ತುಂಬಿಸಿಕೊಂಡು ಮತ ಕೇಳಬಾರದು. ಯಂತ್ರದಿಂದ ಹತ್ತಿ ಬಿಡಿಸುವ ಕಾಲ ಬಂದಂತೆ ಆ ಕೂಲಿಗಳಲ್ಲಿ ಲಕ್ಷಾಂತರ ಜನ ಚಿಕಾಗೊ, ಡೆಟ್ರಾಯಿಟ್‌ಗಳಿಗೆ ಗುಳೆ ಹೋದರು. ಮುಂಬೈ, ಪುಣೆಗೆ ಗುಳೆ ಹೋಗುವ ನಮ್ಮ ಜನರ ಬವಣೆಯ ಜೊತೆ ಇದನ್ನು ಕೂಡಿಸಿ ಓದಬಹುದು, ಪೂರ್ತಿ ಒಂದೇ ಎನ್ನಲಾರೆ. 1964ರಲ್ಲಿ ಆಹಾರ ಕೂಪನ್ನಿನ ಕಾಯಿದೆ ಬಂತು. ಆದರೆ ಆ ಕೂಪನ್ನುಗಳಿಗೂ ಕೈಯಿಂದ ಸ್ವಲ್ಪ ರೊಕ್ಕ ಕಟ್ಟಬೇಕಿತ್ತು, ರೊಕ್ಕವೇ ಕಾಣದ ಕೂಲಿಗಳಿಗೆ ಇದ್ದದ್ದೂ ಹೋಯಿತು. 1967ರ ಏಪ್ರಿಲಿನಲ್ಲಿ ಸೆನೆಟರ್ ರಾಬರ್ಟ್ ಕೆನಡಿ ಅಲ್ಲಿನ ಗುಡಿಸಲುಗಳ ಒಳಹೊಕ್ಕು, ಹೊಟ್ಟೆ ಉಬ್ಬಿದ ಮಕ್ಕಳನ್ನು ಕಂಡು ಬಂದ ಮೇಲೆ ದೇಶಕ್ಕೆ ಎಚ್ಚರವಾಯಿತು. ಅವರ ಅಣ್ಣ, ಅಧ್ಯಕ್ಷ ಜಾನ್ ಕೆನಡಿಯವರ ಸರ್ಕಾರದಲ್ಲಿ ನಮಗೆಲ್ಲ ಗೋಧಿ ಕಳಿಸುವ ವಿಭಾಗದ ಮುಖ್ಯಸ್ಥರಾಗಿದ್ದ ಜಾರ್ಜ್ ಮೆಕ್‌ಗವರ್ನ್ ಅವರೇ 1968ರಲ್ಲಿ ತಮ್ಮ ದೇಶದ ಹಸಿವನ್ನು ವಿಚಾರಿಸುವ ಸೆನೆಟ್ ಸಮಿತಿಯ ಅಧ್ಯಕ್ಷರಾದರು. ಕೂಪನ್ನಿಗೆ ರೊಕ್ಕ ಕಟ್ಟುವ ನಿಯಮ ತೆಗೆದುಹಾಕುವ ಕಾಯಿದೆ ಬರಲು 1977ನೇ ಇಸವಿಯೇ ಆಯಿತು.

ಜಾನ್ಸನ್ ಬಗ್ಗೆ ಬೀದರಿನ ಪತ್ರಲೇಖಕರು ಬಳಸಿದ ಕಟುವಾದ ಪದ ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ. ದೆಹಲಿಗೆ ಗಿಡ್ಡ ಹಗ್ಗ ಕಟ್ಟಿದ ಆ 1965ರಲ್ಲಿಯೇ, ಆಗಸ್ಟ್ 6ರಂದು, ಗ್ರೀನ್‌ವುಡ್‌ನ ಜನರಿಗೆ ಮತದ ಹಕ್ಕನ್ನು ಖಾತ್ರಿ ಮಾಡಿದ ಕಾಯಿದೆಗೆ ಸಹಿ ಹಾಕಿದವರು ಅವರೇ. ತಮ್ಮದೇ ಪಕ್ಷದ ದಕ್ಷಿಣದ ನಾಯಕರನ್ನು ಎದುರುಹಾಕಿಕೊಂಡು ಅದನ್ನು ಮಾಡಿದರು, ಅದರ ಬೆಲೆಯನ್ನು ಅವರ ಪಕ್ಷ ಇಂದಿಗೂ ತೆರುತ್ತಿದೆ. ಅದೇ ವರ್ಷ ಅಕ್ಟೋಬರ್ 3ರಂದು ಇನ್ನೊಂದು ಸಹಿ: ಹುಟ್ಟಿದ ದೇಶ ನೋಡಿ ವಲಸೆಯ ಕೋಟಾ ಹಂಚುವ ಪದ್ಧತಿಯನ್ನು ರದ್ದುಮಾಡಿದ ವಲಸೆ ಕಾಯಿದೆ. 1946ರಿಂದ ಅಲ್ಲಿಯವರೆಗೆ ಭಾರತೀಯರಿಗೆ ಇದ್ದ ಕೋಟಾ ವರ್ಷಕ್ಕೆ 100 ಜನ. ಇಂದು ಕಲಬುರಗಿಯ ಯಾವ ಬಡಾವಣೆಯಲ್ಲಾದರೂ ನಾಲ್ಕು ಮನೆ ಬಾಗಿಲು ಬಡಿದರೆ ಒಂದು ಮನೆಯ ಮಗನೋ ಮಗಳೋ ಡಲ್ಲಾಸಿನಲ್ಲೋ ನ್ಯೂಜೆರ್ಸಿಯಲ್ಲೋ ಇರುತ್ತಾರೆ. ಆ ಬಾಗಿಲು ತೆರೆದದ್ದು ಆ ಸಹಿಯಿಂದ. ನನ್ನ ತಂಗಿಯ ಮಗನೂ ಅಲ್ಲೇ ಇದ್ದಾನೆ. ಲೇಖಕರು ಋಣದ ಮಾತು ಎತ್ತಿದ್ದರಿಂದ ಹೇಳುತ್ತೇನೆ, ಅವನು ಹೋದದ್ದು ಅವರ ಕೆಲಸಕ್ಕೆ, ತನ್ನ ಓದಿನ ಬಲದ ಮೇಲೆ. ಹಾಗೆಂದು ಆ ಕಾಯಿದೆಯ ಹಿಂದೆ ಕಪ್ಪು ಜನರ ಚಳವಳಿ ಎಬ್ಬಿಸಿದ ಸಮಾನತೆಯ ಗಾಳಿ ಇತ್ತೆಂಬುದನ್ನು ಅವನಿಗೆ ನಾನೇ ಹೇಳಬೇಕಾಯಿತು, ಅಲ್ಲಿ ಹದಿನೈದು ವರ್ಷ ಇದ್ದರೂ ಅವನಿಗೆ ಗೊತ್ತಿರಲಿಲ್ಲ.

ಇನ್ನು ಹಂದಿಯ ಕಾಳು. ಪತ್ರಲೇಖಕರ ಮನಸ್ಸಿನಲ್ಲಿರುವುದು ಗೋಧಿಯಲ್ಲ, 1972–73ರ ಬರದಲ್ಲಿ ರೇಷನ್ನಿಗೆ ಬಂದ ಕೆಂಪು ಜೋಳ ಎಂದು ತೋರುತ್ತದೆ. ಅದು ನನಗೂ ನೆನಪಿದೆ. ಸಣ್ಣ ಕಾಳು, ಇಟ್ಟಿಗೆಯ ಬಣ್ಣ. ಎಸರು ಹಾಕಿ ಎಷ್ಟು ನಾದಿದರೂ ಹಿಟ್ಟಿಗೆ ಜಿಗಿ ಬರದು. ಅಂಗೈಯಿಂದ ಬಡಿದರೆ ಅಂಚು ಬಿರಿಯುತ್ತಿತ್ತು, ಹಂಚಿಗೆ ಹಾಕುವಷ್ಟರಲ್ಲಿ ಎರಡು ಹೋಳು. ಮಾಲ್ದಂಡಿ ಜೋಳದ ಬಿಳಿ ರೊಟ್ಟಿ ಬಡಿದು ಬಡಿದು ಕೈ ಸವೆದಿದ್ದ ಆಯಿ, “ಇದು ಜ್ವಾಳ ಅಲ್ಲೋ ಯಪ್ಪಾ, ಜ್ವಾಳದ ವೇಷ ಹಾಕ್ಯಾದ” ಎಂದು ಕೊನೆಗೆ ಅದನ್ನು ನುಚ್ಚು ಮಾಡಿ ಕುದಿಸಿದಳು. ಅಮೆರಿಕದಲ್ಲಿ ಈ ಬಗೆಯ ಜೋಳವನ್ನು ಮುಖ್ಯವಾಗಿ ಬೆಳೆಯುವುದು ದನ, ಹಂದಿ, ಕೋಳಿಗಳ ಮೇವಿಗೆ ಎಂಬುದು ಸರಿ. ಆದರೆ ಅದು ಆ ಕಾಯಿದೆಯ ರೂಪಾಯಿ ಮಾಲಲ್ಲ. 1971ರಲ್ಲಿ ಬಾಂಗ್ಲಾ ಯುದ್ಧದ ಸಮಯದಲ್ಲಿ ನಿಕ್ಸನ್ ನೆರವು ನಿಲ್ಲಿಸಿ ಎಂಟರ್‌ಪ್ರೈಸ್ ಯುದ್ಧನೌಕೆಯನ್ನು ಬಂಗಾಳ ಕೊಲ್ಲಿಗೆ ಕಳಿಸಿದರು. ಅಲ್ಲಿಗೆ ನಮ್ಮ ಪಿ.ಎಲ್. 480ರ ಧಾನ್ಯ ಖರೀದಿಯೂ ನಿಂತಿತು. ಮರುವರ್ಷ ಬರ ಬಿದ್ದಾಗ ನಾವು ಪೇಟೆಯ ದರದಲ್ಲಿ ಕೊಳ್ಳಬೇಕಾಯಿತು. ಅಷ್ಟರಲ್ಲಿ 1972ರ ಬೇಸಗೆಯಲ್ಲಿ ಸೋವಿಯತ್ ಒಕ್ಕೂಟ ಸದ್ದಿಲ್ಲದೆ ಅಮೆರಿಕದ ಗೋಧಿಯನ್ನು ಭಾರೀ ಪ್ರಮಾಣದಲ್ಲಿ ಕೊಂಡುಕೊಂಡಿತ್ತು. ಗೋಧಿಯ ಬೆಲೆ ಎರಡು ಪಟ್ಟು ದಾಟಿ ಏರಿತು. ಕಮ್ಯುನಿಸಂ ತಡೆಯಲು ನಮಗೆ ಗೋಧಿ ಕಳಿಸುತ್ತಿದ್ದವರು ಕಮ್ಯುನಿಸ್ಟರಿಗೇ ಸಾಲ ಕೊಟ್ಟು ಮಾರಿದ್ದರಿಂದ ನಮ್ಮ ಗಂಗಾಳಕ್ಕೆ ಕೆಂಪು ಜೋಳ ಬಂತು.

ಲೇಖಕರು ಬರೆದ ಮತ್ತೊಂದು ಮಾತು, ಅಮೆರಿಕ ಕೊನೆಗೆ ಸಾಲವನ್ನು ದಯೆಯಿಂದ ಮನ್ನಾ ಮಾಡಿತು ಎಂಬುದು. 1974ರ ಫೆಬ್ರುವರಿ 18ರಂದು ರಾಯಭಾರಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ಭಾರತ ಸರ್ಕಾರಕ್ಕೆ 1,664 ಕೋಟಿ ರೂಪಾಯಿಯ ಒಂದು ಚೆಕ್ಕು ಕೊಟ್ಟರು. ಅಷ್ಟು ದೊಡ್ಡ ಚೆಕ್ಕು ಅದಕ್ಕೆ ಮೊದಲು ಯಾರೂ ಬರೆದಿರಲಿಲ್ಲವೆಂದು ಗಿನ್ನೆಸ್ ದಾಖಲೆಗೂ ಸೇರಿತು. ಗೋಧಿಗೆ ನಾವು ಕೊಟ್ಟ ರೂಪಾಯಿಗಳು ಅಮೆರಿಕದ ಹೆಸರಿನಲ್ಲಿ ಇಲ್ಲಿಯೇ ಜಮೆಯಾಗುತ್ತಿದ್ದವು. ಅದರಲ್ಲಿ ದೊಡ್ಡ ಪಾಲನ್ನು ಅವರು ನಮ್ಮ ಸರ್ಕಾರಕ್ಕೇ ಸಾಲವಾಗಿ ತಿರುಗಿ ಕೊಡುತ್ತಿದ್ದರು, ಒಂದು ಪಾಲನ್ನು ಇಲ್ಲಿ ಕಾರ್ಖಾನೆ ತೆರೆಯುವ ತಮ್ಮ ಕಂಪನಿಗಳಿಗೆ ಕೊಡುತ್ತಿದ್ದರು, ರಾಯಭಾರ ಕಚೇರಿಯ ಖರ್ಚಿಗೂ ಅದೇ. ಹಣ ಬೆಳೆಯುತ್ತ ಹೋದಂತೆ ಪರದೇಶವೊಂದರ ಕೈಯಲ್ಲಿ ನಮ್ಮ ರೂಪಾಯಿಗಳು ಅಷ್ಟು ಗುಡ್ಡೆ ಬಿದ್ದಿರುವುದು ಎರಡೂ ಕಡೆಗೆ ತಲೆನೋವಾಯಿತು: ಅವರು ಖರ್ಚು ಮಾಡಿದರೆ ಇಲ್ಲಿ ಬೆಲೆ ಏರುತ್ತದೆ, ಡಾಲರಿಗೆ ಬದಲಿಸಲು ಬರುವುದಿಲ್ಲ, ಇಟ್ಟುಕೊಂಡರೆ ದಿನಾ ಜಗಳ. ಮೊಯ್ನಿಹಾನ್ ಬುದ್ಧಿವಂತರು, ಬಿಟ್ಟುಕೊಡುವುದರಲ್ಲೇ ಲಾಭವೆಂದು ಕಂಡರು. ಹಾಗಿದ್ದೂ ತಮ್ಮ ಇಲ್ಲಿನ ಖರ್ಚುಗಳಿಗೆ ಒಂದು ಪಾಲು ಉಳಿಸಿಕೊಂಡರು. ಇದರಲ್ಲಿ ದಯೆ ಎಷ್ಟು, ಲೆಕ್ಕಾಚಾರ ಎಷ್ಟು ಎಂದು ಓದುಗರೇ ತೂಗಲಿ.

ಆ ರೂಪಾಯಿಗಳ ಒಂದು ಸಣ್ಣ ಖರ್ಚಿನ ಬಗ್ಗೆ ಮಾತ್ರ ನನಗೆ ನಿಜವಾದ ಕೃತಜ್ಞತೆ ಇದೆ. ಅಮೆರಿಕದ ಸಂಸತ್ತಿನ ಗ್ರಂಥಾಲಯ 1962ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆದು, ಈ ಗೋಧಿ ರೂಪಾಯಿಯಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಹಂಚಿತು. ಕನ್ನಡದ ಪುಸ್ತಕಗಳೂ ಅದರಲ್ಲಿ ಸೇರಿದ್ದವು. ನಾವು ಇಲ್ಲಿ ಗೆದ್ದಲಿಗೆ ಬಿಟ್ಟ ಎಷ್ಟೋ ಪುಸ್ತಕಗಳು ಚಿಕಾಗೊದಂಥ ಕಡೆ ತಣ್ಣನೆಯ ಕೋಣೆಗಳಲ್ಲಿ ಭದ್ರವಾಗಿವೆ. ನಮ್ಮಪ್ಪ ಪಾಳಿ ನಿಂತು ಕೊಟ್ಟ ರೊಕ್ಕದ ನಾಲ್ಕಾಣೆಯಾದರೂ ಯಾವುದೋ ಕನ್ನಡ ಕಾದಂಬರಿಯ ರಟ್ಟಿಗೆ ಸೇರಿರಬಹುದೆಂದು ನೆನೆಸಿಕೊಂಡಾಗ ಸಂತೋಷವಾಗುತ್ತದೆ.

ಕೈಕುಲುಕುವ ಆ ಎರಡು ಹಸ್ತಗಳನ್ನು ಗುರುತಾಗಿ ಬಳಸುತ್ತಿದ್ದ ಅಮೆರಿಕದ ನೆರವು ಸಂಸ್ಥೆ, 1961ರಲ್ಲಿ ಕೆನಡಿ ಸ್ಥಾಪಿಸಿದ ಯುಎಸ್‌ಏಡ್, 2025ರ ಜುಲೈ 1ರಂದು ಬಾಗಿಲು ಹಾಕಿತು. ಮರುತಿಂಗಳೇ ನಮ್ಮ ಸರಕುಗಳ ಮೇಲೆ ಶೇ 50ರ ಸುಂಕ ಬಿತ್ತು, ಜೊತೆಗೆ ತಮ್ಮ ಮೆಕ್ಕೆಜೋಳ ಕೊಳ್ಳಿ, ಸೋಯಾ ಕೊಳ್ಳಿ ಎಂಬ ಒತ್ತಾಯ. ಅವರ ಗೋದಾಮು ಈಗಲೂ ತುಂಬಿದೆ, ಅವರ ರೈತರ ಮತ ಈಗಲೂ ಬೇಕಾಗಿದೆ. ಬದಲಾಗಿರುವುದು ಡಾಲರಿಲ್ಲದೆ ಕೈಚಾಚಿ ನಿಂತ 1966ರ ಭಾರತ ಈಗಿಲ್ಲ ಎಂಬುದು. ಮಾತುಕತೆಗೆ ಕೂತವರು ತೊಗರಿ, ಸೋಯಾ, ಮೆಕ್ಕೆಜೋಳ ಬೆಳೆಯುವ ಕಲ್ಯಾಣ ಕರ್ನಾಟಕದ ರೈತನ ಕಡೆಯಿಂದ ಹೇಗೆ ಮಾತಾಡುತ್ತಾರೆಂಬುದನ್ನು ತಮ್ಮ ಪತ್ರಿಕೆ ಬರೆಯಬೇಕು, ಸುಂಕದ ದರ, ಆಮದಿನ ಪ್ರಮಾಣ, ಪೇಟೆಯ ಬೆಲೆಗಳನ್ನು ಮುಂದಿಟ್ಟುಕೊಂಡು ಬರೆಯಬೇಕು. ಉಪ್ಪಿಟ್ಟಿನ ಋಣವನ್ನೂ ಕಾಂಗ್ರೆಸ್ ಕಸದ ಸೇಡನ್ನೂ ಆ ಚರ್ಚೆಯೊಳಗೆ ತರಬಾರದೆಂಬುದು ನನ್ನ ಬಿನ್ನಹ.

ಲೇಖನದೊಂದಿಗೆ ತಾವು ಅಚ್ಚು ಮಾಡಿದ ಚಿತ್ರದ ಬಗ್ಗೆ ಒಂದು ತಿದ್ದುಪಡಿ. ರೇಷನ್ ಅಂಗಡಿಯ ಮುಂದಿನ ಪಾಳಿಯ ಆ ಚಿತ್ರದ ಕೆಳಗೆ ‘ದಾನದ ಗೋಧಿಗಾಗಿ ಕಾದಿರುವ ಜನ’ ಎಂದು ಬರೆಯಲಾಗಿದೆ. ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಎದುರಿಗಿರುವ ಚೀಲಗಳು ಸೆಣಬಿನವು, ಅವುಗಳ ಮೇಲೆ ಹಸ್ತದ ಗುರುತಿಲ್ಲ, ಪಾಳಿಯ ತುದಿಯಲ್ಲಿರುವ ಹೆಂಗಸಿನ ಮುಷ್ಟಿಯಲ್ಲಿ ಮಡಚಿದ ನೋಟು ಕಾಣುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಉಪನ್ಯಾಸಕ,
ಕಲಬುರಗಿ